ನೆಲಮನೆಯಿಂದ ಬಂದ ‘ಹೂಂ ವೈನಿ’

ಇದು ಸುಳ್ಳು ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ನಡುಗೋಡೆಯ ಆಚೆ ಇಬ್ಬರು, ಈಚೆ ಒಬ್ಬರು. ಈಚೆಯ ಒಬ್ಬರು ಎಂದರೆ ನನ್ನ ಗಂಡ. ಅವರು ಬಾಯಿಬಿಟ್ಟು ಸುಳ್ಳು ಎನ್ನುವುದಿಲ್ಲ. ‘ಆತು ಬಿಡ, ಆಗಿದ್ದು ಆಗಿಹೋತು’ ಎನ್ನುತ್ತಾರೆ. ನನಗೆ ಅದೇ ಹೆಚ್ಚು ಉರಿಯುತ್ತದೆ.

ನಾನು ದೆವ್ವ, ಭೂತ ಎಂದು ನಡುಗುವ ಹೆಂಗಸಲ್ಲ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ. ನನ್ನ ಬಾಯಿ ಜೋರು ಎಂದು ಇಡೀ ಓಣಿಗೆ ಗೊತ್ತು. ಜೋರು ಇದ್ದೀತು, ಸುಳ್ಳಲ್ಲ. ಆ ರಾತ್ರಿ ನನಗೆ ಕೇಳಿಸಿದ್ದು ಕೇಳಿಸಿತು... ಒಂದು ಸಲವಲ್ಲ, ಮತ್ತೆ ಮತ್ತೆ.

ನಮ್ಮದು ಹುಬ್ಬಳ್ಳಿಯ ಹಳೆಯ ಓಣಿಯಲ್ಲಿ ಕಾಳು ಕಡಿ ವ್ಯಾಪಾರದ ಮನೆತನ. ಮಾವನವರು ತೀರಿದ ಮೇಲೆ ಮನೆಯ ನಡುವೆ ಗೋಡೆ ಎದ್ದಿತು. ದೇವರ ಜಗಲಿ, ಅಂದರೆ ಪೂಜೆಯ ಕಟ್ಟೆ, ನಮ್ಮ ಪಾಲಿಗೆ ಬಂತು, ಹಿತ್ತಲು ಮೈದುನ ಈರಣ್ಣನ ಪಾಲಿಗೆ ಹೋಯಿತು. ನೆಲಮನೆ ಮಾತ್ರ ಇಬ್ಬರಿಗೂ ಸೇರಿದ್ದು. ಈಗಿನವರು ಬೇಸ್‌ಮೆಂಟ್ ಅನ್ನುತ್ತಾರಲ್ಲ, ಅದೇ. ನಡುಗೋಡೆಯ ಕೊನೆಗೆ ಇಬ್ಬರೂ ಓಡಾಡಲು ಬಿಟ್ಟ ಸಂದಿಯಲ್ಲಿ ಅದರ ಬಾಗಿಲು. ಹನ್ನೆರಡು ಮೆಟ್ಟಿಲು, ಆರನೆಯದರಲ್ಲಿ ಒಂದು ತಿರುವು. ಹಾಗಾಗಿ ಮೇಲೆ ನಿಂತವರಿಗೆ ಕೆಳಗಿನದು ಕಾಣುವುದಿಲ್ಲ.

ಆ ನೆಲಮನೆಯ ಮೂಲೆಯಲ್ಲಿ ಒಂದು ಹಗೇವು ಇದೆ. ಜೋಳ ತುಂಬಿಡಲು ಹಿಂದಿನವರು ತೋಡಿದ ಆಳದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ನಾನು ಮದುವೆಯಾಗಿ ಬರುವ ಮೊದಲೇ ಅದರ ಬಾಯಿಗೆ ಚಪ್ಪಡಿ ಎಳೆದು ಮುಚ್ಚಿದ್ದರು. ತಳದಲ್ಲಿ ಒಂದಿಷ್ಟು ಜೋಳ ಹಾಗೇ ಉಳಿದಿದೆಯಂತೆ. ಯಾಕೆ ತೆಗೆಯಲಿಲ್ಲ ಎಂದು ಕೇಳಿದರೆ ಅತ್ತೆ ಮಾತು ಬದಲಿಸುತ್ತಿದ್ದರು.

ಹಗೇವಿನ ಗಾಳಿ ಕೆಟ್ಟದ್ದು. ಅದಕ್ಕೆ ಮಾವನವರ ಕಾಲದಿಂದ ಮನೆಯಲ್ಲಿ ಒಂದು ಪದ್ಧತಿ. ಇಳಿಯುವ ಮೊದಲು ಉರಿಯುವ ಲಾಟೀನು ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಇಳಿದವನ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಮೇಲೆ ನಿಂತವರ ಕೈಯಲ್ಲಿ. ಮೇಲಿನವರು ಆಗಾಗ ಎರಡು ಸಲ ಜಗ್ಗಬೇಕು, ಕೆಳಗಿನವನು ತಿರುಗಿ ಎರಡು ಸಲ ಜಗ್ಗಬೇಕು. ಜಗ್ಗದಿದ್ದರೆ ಹಿಂದೆಮುಂದೆ ನೋಡದೆ ಎಳೆಯಬೇಕು.

“ಬಾಯಿಲೆ ಓ ಅಂದ್ರ ಅದನ್ನ ನಂಬಬ್ಯಾಡ್ರಿ. ಹಗ್ಗ ಜಗ್ಗಿದ್ರಷ್ಟ ಖರೇ,” ಎನ್ನುತ್ತಿದ್ದರು ಮಾವನವರು.

“ಕೂಗಿ ಕೇಳಿದ್ರ ಆಗೂದಿಲ್ಲೇನ್ರಿ?” ಎಂದು ನಾನು ಒಮ್ಮೆ ಕೇಳಿದ್ದೆ. ಅವರು ಸುತ್ತುತ್ತಿದ್ದ ಹಗ್ಗವನ್ನು ಕೆಳಗಿಟ್ಟರು.

“ಆಳದಾಗ ದನಿ ಸರಿಯಾಗಿ ತಿಳಿಯಂಗಿಲ್ಲವಾ,” ಎಂದರು. ನಾನು ಅದನ್ನೇ ನಂಬಿದೆ.

ಇನ್ನು ಈರಣ್ಣನ ವಿಷಯ. ನಾನು ಈ ಮನೆಗೆ ಬಂದಾಗ ಅವನು ಎಂಟನೆಯ ಇಯತ್ತೆ. ಬೀಜಗಣಿತವನ್ನು ನಾನೇ ಕೂರಿಸಿಕೊಂಡು ಕಲಿಸಿದ್ದೆ. ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತಾರೆ. ಏನು ಕೇಳಿದರೂ ‘ಹೂಂ ವೈನಿ’, ‘ಹೂಂ ವೈನಿ’. ಗೋಡೆ ಎದ್ದ ಮೇಲೂ ಆಚೆಯ ಮನೆಯವರು ಸೋಮವಾರ ಸೋಮವಾರ ಪೂಜೆಗೆ ನಮ್ಮ ಜಗಲಿಗೆ ಬರುತ್ತಿದ್ದರು. ಒಂದು ಸೋಮವಾರ ಅವನ ಹೆಂಡತಿ ಸುಜಾತಾ ಏನೋ ಅಂದಳು, ನಾನು ಒಂದಕ್ಕೆ ನಾಲ್ಕು ಅಂದೆ. ಕೊನೆಗೆ, “ದೇವರು ಬೇಕಾದ್ರ ಹೊರಗ ನಿಂತು ಕೈ ಮುಗೀರಿ,” ಎಂದುಬಿಟ್ಟೆ. ಈರಣ್ಣ ವಿಭೂತಿ ಹಚ್ಚಿಕೊಳ್ಳುತ್ತ ಅಲ್ಲೇ ನಿಂತಿದ್ದ.

ಅವತ್ತಿನಿಂದ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ನನ್ನನ್ನು ವೈನಿ ಎಂದು ಕರೆಯಲೂ ಇಲ್ಲ. ಹೇಳಲೇಬೇಕಾದ ಮಾತಿದ್ದರೆ ಗಾಳಿಗೆ ಹೇಳುತ್ತಿದ್ದ. ‘ನೀರಿನ ಟಾಕಿ ತುಂಬೇತಂತ ಯಾರಾರ ಹೇಳ್ರಿ.’ ನಾನೂ ಬಿಟ್ಟುಕೊಡಲಿಲ್ಲ. ಹೀಗೆ ನಾಲ್ಕು ವರ್ಷ.

ಆ ಮಳೆಗಾಲದಲ್ಲಿ ಮೂರು ದಿನ ಹಗಲು ರಾತ್ರಿ ಹೊಯ್ಯಿತು. ಹಿಂದಿನ ನಾಲಾ ತುಂಬಿ ಓಣಿಗೆ ಏರಿತು. ನನ್ನ ಗಂಡ ಗದಗಿಗೆ ಹೋದವರು ಅಲ್ಲೇ ಉಳಿದಿದ್ದರು. ಸುಜಾತಾ ಮಗಳನ್ನು ಕರೆದುಕೊಂಡು ಹೆಬ್ಬಳ್ಳಿಯ ತವರಿಗೆ ಹೋಗಿದ್ದಳು. ಅಂದರೆ ಅಷ್ಟು ದೊಡ್ಡ ಮನೆಯಲ್ಲಿ ಮಾತು ಬಿಟ್ಟ ನಾವಿಬ್ಬರೇ. ಸಂಜೆ ಏಳಕ್ಕೆ ಕರೆಂಟೂ ಹೋಯಿತು.

ನೆಲಮನೆಯ ಬಾಗಿಲು ತೆಗೆದರೆ ಆರನೆಯ ಮೆಟ್ಟಿಲವರೆಗೆ ನೀರು... ಕಪ್ಪು ನೀರು, ಮೇಲೆ ಹೊಟ್ಟು ತೇಲುತ್ತಿತ್ತು. ಕೆಳಗೆಲ್ಲೋ ಬುಳ್, ಬುಳ್ ಎಂದು ಸಪ್ಪಳ. ಹೀಗೇ ಬಿಟ್ಟರೆ ಬೆಳಗಾಗುವುದರೊಳಗೆ ನಾಲಾ ಕಡೆಯ ಗೋಡೆ ಕೂರುವುದು ಖಂಡಿತ.

ಈರಣ್ಣ ಫೋನು ಮಾಡಿ ರಫೀಕ್ ಕಾಕಾನನ್ನು ಕರೆಸಿದ. ರಫೀಕ್ ಕಾಕಾ ಪಂಪ್‌ಸೆಟ್ ರಿಪೇರಿಯವರು, ಅರವತ್ತು ದಾಟಿದವರು. ಅವರ ಅಪ್ಪ ಈ ಓಣಿಯವರ ಹಗೇವು ತೆಗೆದುಕೊಡುವ ಕೆಲಸ ಮಾಡುತ್ತಿದ್ದವರು. ಕಾಕಾ ಪೆಟ್ರೋಲ್ ಎಂಜಿನ್ನಿನ ಪಂಪನ್ನು ಸಂದಿಯಲ್ಲೇ ಇಟ್ಟು, ಪೈಪನ್ನಷ್ಟೇ ಕೆಳಗೆ ಬಿಟ್ಟರು. ಒಂದು ತಾಸಿನಲ್ಲಿ ನೀರು ಬಹಳಷ್ಟು ಇಳಿಯಿತು.

“ಇನ್ನೊಂದು ಮನ್ಯಾಗೂ ನೀರು ಹೊಕ್ಕೈತಿ, ನೋಡಿ ಬರ್ತೇನಿ,” ಎಂದು ಅವರು ಹೊರಟರು. ಹೊರಡುವಾಗ ಈರಣ್ಣನ ತೋಳು ಹಿಡಿದು, “ನಾ ಬರೂತನಕಾ ಕೆಳಗ ಇಳೀಬ್ಯಾಡ್ರಿ. ಆ ಮೂಲಿ ಕಡೆ ಅಂತೂ ಹೋಗಬ್ಯಾಡ್ರಿ,” ಎಂದರು.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಪಂಪು ಉಬ್ಬಸಪಡತೊಡಗಿತು. ಪೈಪಿನ ಬಾಯಿಗೆ ಏನೋ ಕಟ್ಟಿತ್ತು. ಈರಣ್ಣ ಎಂಜಿನ್ ಆರಿಸಿದ. ಒಮ್ಮೆಲೇ ಮನೆ ತುಂಬ ಮಳೆಯ ಸಪ್ಪಳ ಮಾತ್ರ ಉಳಿಯಿತು. ನೀರು ಮತ್ತೆ ಏರುತ್ತಿತ್ತು. ಕಾಕಾನ ಫೋನು ಹತ್ತಲಿಲ್ಲ.

ಈರಣ್ಣ ಅಪ್ಪನ ಮಗ. ಲಾಟೀನು ಹಚ್ಚಿ ತಿರುವಿನಾಚೆ ಇಳಿಸಿದ. ಚೆನ್ನಾಗಿ ಉರಿಯಿತು. ಅದನ್ನು ನೀರಿಗೆ ತಾಗದ ಮೆಟ್ಟಿಲ ಮೇಲೆ ಇಟ್ಟು ಬಂದು ಸೊಂಟಕ್ಕೆ ಹಗ್ಗ ಬಿಗಿದ. ತುದಿಯನ್ನು ನನ್ನ ಕೈಗೆ ಕೊಡಲಿಲ್ಲ. ಬಾಗಿಲ ಪಕ್ಕದ ಗೂಟಕ್ಕೆ ಸಿಕ್ಕಿಸಿ ಗೋಡೆಗೆ ಹೇಳಿದ, “ಹಿಡಕೊಳ್ಳವರು ಹಿಡಕೋಬಹುದು.”

ಅವನು ಇಳಿದ. ನಾನು ಹಗ್ಗ ಹಿಡಿದೆ.

ತಿರುವಿನ ಗೋಡೆಯ ಮೇಲೆ ಲಾಟೀನಿನ ಹಳದಿ ಬೆಳಕು. ಮೊಣಕಾಲು ನೀರಿನಲ್ಲಿ ಅವನು ಓಡಾಡುವ ಸಪ್ಪಳ ಕೇಳುತ್ತಿತ್ತು. ಎರಡು ಸಲ ಜಗ್ಗಿದೆ. ತಿರುಗಿ ಎರಡು ಸಲ ಜಗ್ಗಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಗ್ಗಿದೆ. ಉತ್ತರ ಬಂತು. ಮಾತಿಲ್ಲದ ನಮ್ಮಿಬ್ಬರಿಗೆ ಆ ಪದ್ಧತಿ ಛಲೋ ಒಗ್ಗಿತ್ತು.

ಮೂರನೆಯ ಸಲ ಜಗ್ಗಿದಾಗ ಹಗ್ಗ ಸಡಿಲವಾಗಿ ಒಂದು ಮೊಳ ನನ್ನ ಕಡೆಗೇ ಬಂತು. ಆಮೇಲೆ ಎಲ್ಲೋ ಸಿಕ್ಕಿಕೊಂಡಿತು. ತಿರುಗಿ ಜಗ್ಗಲಿಲ್ಲ.

ಎಳೆಯಬೇಕಿತ್ತು. ಪದ್ಧತಿ ಗೊತ್ತಿದ್ದೂ ಎಳೆಯಲಿಲ್ಲ. ಸುಮ್ಮನೆ ಎಳೆದು ಅವನು ನೀರಲ್ಲಿ ಬಿದ್ದರೆ, ಬೇಕಂತಲೇ ಕೆಡವಿದರು ಎಂದಾನು ಅನ್ನಿಸಿತು. ಅಷ್ಟು ಹಗೆ ನಮ್ಮ ನಡುವೆ ಬೆಳೆದಿತ್ತು. ಬೇರೆ ದಾರಿ ಕಾಣದೆ ನಾಲ್ಕು ವರ್ಷದ ಮೇಲೆ ಅವನ ಹೆಸರು ಹಿಡಿದು ಕರೆದೆ.

“ಈರಣ್ಣಾ...”

ಕೂಡಲೇ ಉತ್ತರ ಬಂತು.

“ಹೂಂ ವೈನಿ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲಿನ ಹಾಗೇ ಮೆತ್ತಗೆ, ಸಲಿಗೆಯಿಂದ ಬಂದ ಮಾತು.

“ಹಗ್ಗ ಯಾಕ ಜಗ್ಗಲಿಲ್ಲೋ?”

“ಕಾಲಿಗೆ ತೊಡಕಾಕತ್ತಿತ್ತು ವೈನಿ. ಬಿಚ್ಚಿ ಇಟ್ಟೇನಿ.”

ನಾನು ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿದೆ. ಮಾವನವರ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ನಾಲ್ಕು ವರ್ಷದ ಮೇಲೆ ವೈನಿ ಎಂದವನ ಮಾತನ್ನು ಹಗ್ಗ ಹಿಡಿದು ಪರೀಕ್ಷೆ ಮಾಡಲೇ? ಮನಸ್ಸು ಬರಲಿಲ್ಲ.

“ಥಂಡಿ ಆಗಿರತೈತಿ. ಚಹಾ ಮಾಡ್ಲ್ಯಾ?”

“ಮಾಡ್ರಿ ವೈನಿ. ಶುಂಠಿ ಹಾಕ್ರಿ.”

ಹೋಗಿ ಚಹಾ ಮಾಡಿದೆ. ಮೊಬೈಲಿನ ಬೆಳಕಿನಲ್ಲಿ ಶುಂಠಿ ಜಜ್ಜುತ್ತ ಕಣ್ಣೀರು ಹಾಕಿದೆ, ಹೇಳಲು ನಾಚಿಕೆಯಿಲ್ಲ. ಸೋಮವಾರ ಅವನನ್ನು, ಸುಜಾತಾಳನ್ನು ನಾನೇ ಹೋಗಿ ಕರೆದು ತರಬೇಕು ಎಂದು ಒಲೆಯ ಮುಂದೆ ನಿಂತೇ ತೀರ್ಮಾನಿಸಿದೆ. ಎರಡು ಕಪ್ಪಿಗೆ ಸೋಸಿದೆ.

ವಾಪಸ್ಸು ಬಂದು ನೋಡಿದರೆ ತಿರುವಿನ ಗೋಡೆಯ ಮೇಲೆ ಬೆಳಕಿಲ್ಲ.

ಒಂದು ನಾತ ಮೆಟ್ಟಿಲೇರಿ ಬಂದಿತ್ತು. ವಾರಗಟ್ಟಲೆ ಮುಚ್ಚಿಟ್ಟ ಅಂಬಲಿ ಗಡಿಗೆ ತೆರೆದ ಹಾಗೆ ಹುಳಿ ನಾತ... ಅದರಡಿಯಲ್ಲಿ ಇನ್ನೊಂದು, ಹೆಸರು ಹೇಳಲಾಗದ್ದು. ತಲೆ ಸಣ್ಣಗೆ ತಿರುಗಿತು.

“ಈರಣ್ಣಾ, ಲಾಟೀನು ಯಾಕ ಆರಿಸಿದಿ?”

“ಬೆಳಕು ಬ್ಯಾಡ ವೈನಿ.”

ಆಗ ಗಮನಕ್ಕೆ ಬಂತು. ನೀರಿನಲ್ಲಿ ಕಾಲಾಡಿಸುವ ಸಪ್ಪಳ ಇರಲಿಲ್ಲ. ಆ ನೆಲಮನೆಯಲ್ಲಿ ಕೆಮ್ಮಿದರೂ ನಾಲ್ಕು ಗೋಡೆ ತಿರುಗಿ ಕೆಮ್ಮುತ್ತವೆ. ಈ ದನಿ ತಿರುಗಿ ಬರುತ್ತಿರಲಿಲ್ಲ. ಕಿವಿಯ ಹತ್ತಿರವೇ ಆಡಿದ ಹಾಗೆ ಬಂದು ನಿಲ್ಲುತ್ತಿತ್ತು.

“ಮ್ಯಾಲ ಬಾ. ಚಹಾ ಆಗೇತಿ.”

“ನೀವ ಇಳದು ಬರ್ರಿ ವೈನಿ. ಇಲ್ಲೇ ಕುಡಿಯೂಣು.”

ಆಗ ನನಗೆ ಹೆದರಿಕೆ ಆಗಲೇ ಇಲ್ಲ. ಹೋಗದಿದ್ದರೆ ಮತ್ತೆ ಮಾತು ಬಿಟ್ಟಾನು ಎಂಬುದೊಂದೇ ಹೆದರಿಕೆ. ಎರಡೂ ಕಪ್ಪು ಹಿಡಿದು ಒಂದು ಮೆಟ್ಟಿಲು ಇಳಿದೆ. ಇನ್ನೊಂದು ಇಳಿದೆ. ಇಳಿಯುವುದು ಹಗುರವಾಗಿತ್ತು...

“ಅಕ್ಕಾರ, ಅಲ್ಲೇ ನಿಂದರ್ರಿ.”

ರಫೀಕ್ ಕಾಕಾ. ಮೈಯೆಲ್ಲ ತೊಯ್ದು ಬಾಗಿಲಲ್ಲಿ ನಿಂತಿದ್ದರು. ನನ್ನ ಸೆರಗನ್ನೇ ಹಿಡಿದು ಹಿಂದಕ್ಕೆ ಎಳೆದರು. ಒಂದು ಕಪ್ಪು ಕೈಜಾರಿ ಮೆಟ್ಟಿಲ ಮೇಲೆ ಒಡೆಯಿತು.

“ಈರಣ್ಣ ಎಲ್ಲಿ?”

“ಕೆಳಗ ಅದಾನ್ರಿ. ಅರಾಮ ಅದಾನ. ಈಗಷ್ಟ ಮಾತಾಡಿದ.”

“ಲಾಟೀನು ಆರೇತಿ,” ಎಂದರು ಕಾಕಾ. ಅವರ ದನಿ ಸಣ್ಣದಾಗಿತ್ತು. “ಹಗ್ಗ ಎಲ್ಲೈತ್ರಿ?”

“ಬಿಚ್ಚೇನಿ ಅಂದ.”

ಅವರು ಗೂಟದಿಂದ ಹಗ್ಗ ತೆಗೆದು ಮೆಲ್ಲಗೆ ಎಳೆದು ನೋಡಿದರು. ಅದಕ್ಕೆ ಭಾರವಿತ್ತು. ಮೂಗು ಬಾಯಿಗೆ ಒದ್ದೆ ಟವೆಲು ಬಿಗಿದು, ಉಸಿರು ಹಿಡಿದು, ತಿರುವಿನವರೆಗೆ ಇಳಿದು ಬ್ಯಾಟರಿ ಬಿಟ್ಟರು. ನಾನೂ ಅವರ ಬೆನ್ನ ಹಿಂದಿನಿಂದ ಇಣುಕಿದೆ.

ಈರಣ್ಣ ನೀರಂಚಿನ ಮೆಟ್ಟಿಲ ಮೇಲೆ ಗದ್ದ ಊರಿ ಬಿದ್ದಿದ್ದ. ಮೈಯೆಲ್ಲ ನೀರಿನಲ್ಲಿ. ಕಣ್ಣು ಅರೆ ತೆರೆದಿದ್ದವು, ತುಟಿ ನೀಲಿಯಾಗಿತ್ತು, ಹಲ್ಲು ಕಚ್ಚಿಕೊಂಡಿತ್ತು. ಹಗ್ಗ ಪೈಪಿಗೆ ಸುತ್ತಿಕೊಂಡಿತ್ತು. ಸೊಂಟದ ಗಂಟು ಕಟ್ಟಿದ ಹಾಗೇ ಇತ್ತು. ಯಾರೂ ಬಿಚ್ಚಿರಲಿಲ್ಲ.

ಆಚೆ ಮೂಲೆಯಲ್ಲಿ ಹಗೇವಿನ ಚಪ್ಪಡಿ ಒಂದು ಪಕ್ಕಕ್ಕೆ ಎದ್ದು ನಿಂತಿತ್ತು. ಅಲ್ಲಿ ನೀರು ಬುಳುಬುಳು ಕುದಿಯುತ್ತಿತ್ತು.

“ಯಾಕ ನಿಂತ್ರಿ ವೈನಿ? ಚಹಾ ಆರಾಕತ್ತೇತಿ.”

ಬ್ಯಾಟರಿಯ ಬೆಳಕು ಈರಣ್ಣನ ಮುಖದ ಮೇಲೇ ಇತ್ತು. ಅವನ ತುಟಿ ಅಲುಗಲಿಲ್ಲ. ಮಾತು ಬಂದದ್ದು ಆ ಮೂಲೆಯಿಂದ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಕಾಕಾ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಇಳಿದರು, ಪೈಪಿನಿಂದ ಹಗ್ಗ ಬಿಡಿಸಿದರು. “ಜಗ್ಗರಿ ಅಕ್ಕಾರ, ಜೋರ ಜಗ್ಗರಿ,” ಎಂದು ಕೂಗಿದರು. ಅಂಗೈ ಸುಲಿದು ರಕ್ತ ಬಂದರೂ ಎಳೆದೆ. ಓಣಿಯವರು ಓಡಿ ಬಂದರು. ಈರಣ್ಣನನ್ನು ಆಟೋದಲ್ಲಿ ಹಾಕಿಕೊಂಡು ನೀರಿನಲ್ಲೇ ಆಸ್ಪತ್ರೆಗೆ ಒಯ್ದರು.

ಬದುಕಿದ. ಅದೊಂದು ಪುಣ್ಯ.

ಕೆಟ್ಟ ಗಾಳಿ ಕುಡಿದು ಎಚ್ಚರ ತಪ್ಪಿದೆ ಎಂದರು ಡಾಕ್ಟರು. ಇನ್ನು ಕೆಲವು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ. “ಮಾತಾಡಾಕತ್ತಿದ್ರಲ್ರಿ,” ಎಂದೆ ನಾನು. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಈ ಸ್ಥಿತಿಯೊಳಗ ಮಾತಾಡಾಕ ಸಾಧ್ಯ ಇಲ್ರಿ ಅವ್ವಾರ.”

ಮರುದಿನ ಸುಜಾತಾ ಹೆಬ್ಬಳ್ಳಿಯಿಂದ ಬಂದಳು. ಮೆಟ್ಟಿಲ ಮೇಲೆ ಒಡೆದ ಕಪ್ಪು, ಬಾಗಿಲ ಹತ್ತಿರ ಇನ್ನೊಂದು ಕಪ್ಪು, ಎರಡನ್ನೂ ಯಾರೋ ಅವಳಿಗೆ ತೋರಿಸಿದ್ದರು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಓಣಿಯ ಹೆಂಗಸರೆಲ್ಲ ನಿಂತಿದ್ದಾಗ ತಣ್ಣಗೆ ಹೇಳಿದಳು.

“ಕೆಳಗ ನನ್ನ ಗಂಡ ಸಾಯಾಕತ್ತಿದ್ದ. ಮ್ಯಾಲ ಅಕ್ಕಾರು ಚಹಾ ಕುಡ್ಯಾಕತ್ತಿದ್ರು.”

ನಾನು ಎಲ್ಲವನ್ನೂ ಹೇಳಿದೆ. ಹಗ್ಗ, ದನಿ, ಶುಂಠಿ, ಎಲ್ಲ. ಯಾರೂ ನನ್ನ ಮುಖ ನೋಡಲಿಲ್ಲ. ನಾನು ನಿಂತು ಲೆಕ್ಕ ಹಾಕಿ ಕೊಲ್ಲಲು ನೋಡಿದೆ ಎಂದೇ ಅವರ ಮನಸ್ಸಿನಲ್ಲಿ ಕೂತಿತ್ತು, ಅವನು ಉಳಿದದ್ದು ನನ್ನ ಕೈ ಮೀರಿ. ಈರಣ್ಣನಿಗಾದರೂ ಏನಾದರೂ ನೆನಪಿರಬಹುದು ಎಂದು ಕಾದೆ. ಅವನು ಮನೆಗೆ ಬಂದ ದಿನ ನನ್ನ ಗಂಡ ಹೋಗಿ ಕೇಳಿದರು. ನಾನು ಗೋಡೆಯ ಈಚೆ ನಿಂತು ಕಿವಿಗೊಟ್ಟೆ.

“ಎರಡ ಸಲಾ ಹಗ್ಗ ಜಗ್ಗಿದ್ದು ನೆನಪೈತಿ. ಆಮ್ಯಾಲೆ ಏನೂ ಇಲ್ಲ,” ಎಂದ ಈರಣ್ಣ. ಮತ್ತೆ ಹೇಳಿದ. “ಅವರನ್ನ ವೈನಿ ಅನ್ನೂದು ಬಿಟ್ಟು ನಾಕ ವರ್ಷ ಆತು. ಆವತ್ತ ಯಾಕ ಅಂತೇನಿ?”

ಒಂದೇ ಒಂದು ಒಳ್ಳೆಯ ಮಾತು ಕೇಳಿಸಿತ್ತು ನನಗೆ. ಅದೂ ಅವನದಲ್ಲ.

ಕೊನೆಗೆ ರಫೀಕ್ ಕಾಕಾನ ಅಂಗಡಿಗೇ ಹೋದೆ. “ನೀವು ಕೇಳಿದ್ರಲ್ರಿ ಕಾಕಾ, ಆ ಮೂಲ್ಯಾಗಿನ ದನಿ?” ಎಂದೆ. ಅವರು ಸ್ಪ್ಯಾನರ್ ಒರೆಸುತ್ತ ತಲೆ ಎತ್ತಲಿಲ್ಲ.

“ನನ್ನ ಕಿವಿ ಮಂದ ಐತ್ರಿ ಅಕ್ಕಾರ. ಎಂಜಿನ್ ಸಪ್ಪಳದಾಗ ಜನ್ಮ ಹೋಗೇತಿ.”

“ನಾ ಇಷ್ಟು ಮೆತ್ತಗ ಕೇಳಿದ್ದು ಹ್ಯಾಂಗ ಕೇಳಿಸ್ತು ಮತ್ತ?”

ಅವರು ಇನ್ನೊಂದು ಸ್ಪ್ಯಾನರ್ ಎತ್ತಿಕೊಂಡು ಒರೆಸತೊಡಗಿದರು. ಅವತ್ತಿನಿಂದ ಅವರು ನಮ್ಮ ಮನೆಯ ಕೆಲಸಕ್ಕೆ ಬಂದಿಲ್ಲ. ಮೋಟಾರು ಕೆಟ್ಟರೆ ಬಿಚ್ಚಿ ಅಂಗಡಿಗೇ ತರ್ರಿ ಎನ್ನುತ್ತಾರೆ.

ಹಗೇವಿಗೆ ಖಡಿ ಕಲ್ಲು ತುಂಬಿ ಮೇಲೆ ಕಾಂಕ್ರೀಟು ಹಾಕಿಸಿದ್ದಾಗಿದೆ. ನೆಲಮನೆಗೆ ಬೀಗ. ಎರಡು ಮಳೆಗಾಲ ದಾಟಿದವು, ನೀರು ಬರಲಿಲ್ಲ. ನಾನು ಮಾತ್ರ ಈ ಮನೆಯಲ್ಲಿ ಯಾರನ್ನೂ ದೂರದಿಂದ ಕೂಗಿ ಕರೆಯುವುದಿಲ್ಲ. ಗಂಡನನ್ನು ಊಟಕ್ಕೆ ಎಬ್ಬಿಸಬೇಕಾದರೂ ಹತ್ತಿರ ಹೋಗಿ ಭುಜ ಮುಟ್ಟುತ್ತೇನೆ.

ಈಗ ಹೋದ ಶ್ರಾವಣದ ಮಾತು. ಸೋಮವಾರ, ದೀಪ ಹಚ್ಚುವ ಹೊತ್ತು. ಗಂಡ ಇನ್ನೂ ನಮ್ಮ ಕಾಳಿನ ಅಡತಿ ಅಂಗಡಿಯಿಂದ ಬಂದಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಜಗಲಿಯ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದೆ. ಸಂದಿಯ ಕಡೆಯ ಬಾಗಿಲ ಆಚೆಯಿಂದ ದನಿ ಬಂತು.

“ವೈನಿ... ಬಾಗಲಾ ತೆಗೀರಿ.”

ಮೆತ್ತಗಿನ ದನಿ. ಸೋಮವಾರ ಜಗಲಿಗೆ ಬರುವವನು ಕರೆಯುವ ಹಾಗೆ.

ಎದ್ದು ಹೋಗಿ ಚಿಲಕಕ್ಕೆ ಕೈ ಇಟ್ಟೆ. ಆ ಬಾಗಿಲಿಂದ ನೆಲಮನೆಯ ಬಾಗಿಲು ಮೂರೇ ಹೆಜ್ಜೆ. ತೆರೆಯಲಾಗಲಿಲ್ಲ. ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ, “ಈರಣ್ಣಾ, ನೀನ ಹೌದಾದ್ರ ಬಾಗಲಾ ಎರಡ ಸಲಾ ಬಡಿ.”

ಕಾದೆ. ಮಳೆಯ ಸಪ್ಪಳ, ನನ್ನ ಉಸಿರು... ಯಾರೂ ಬಡಿಯಲಿಲ್ಲ.

ಕೈಯಿಲ್ಲದ್ದು ಬಡಿಯಲಾರದು. ಆದರೆ ಐದಾರು ವರ್ಷದ ಸಿಟ್ಟು ನುಂಗಿ ಬಾಗಿಲಿಗೆ ಬಂದವನನ್ನು ಪರೀಕ್ಷೆ ಮಾಡಿದರೆ, ಅವನೂ ಬಡಿಯದೆ ತಿರುಗಿ ಹೋದಾನು. ಗಂಡ ಬರುವ ತನಕ ಅಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ಈರಣ್ಣ ಓಣಿಯಲ್ಲಿ ಗಾಡಿ ಒರೆಸುತ್ತಿದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಸುಮ್ಮನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಆ ಸೋಮವಾರ ಬಂದಿದ್ದೆಯಾ ಎಂದು ಒಂದು ಮಾತು ಕೇಳಿದರೆ ಎಲ್ಲ ತಿಳಿದುಹೋಗುತ್ತದೆ. ಆದರೆ ಕೇಳಬೇಕಾದರೆ ಅವನ ಹೆಸರು ಹಿಡಿದು ಕರೆಯಬೇಕು. ಕರೆದರೆ ಓ ಎನ್ನುವ ದನಿ ಯಾವ ಕಡೆಯಿಂದ ಬಂದೀತು ಎಂದು ನನಗೆ ಗೊತ್ತಿಲ್ಲ. ಇನ್ನೂ ಕರೆದಿಲ್ಲ.